ಅಕ್ಕನಿಗೆಂದು ಸವರಿದ ದಾರಿ

ಆಗೆಲ್ಲ ನಮ್ಮ ಕಡೆ ದಾರಿಯನ್ನು ಯಾರೂ ಮಾಡುತ್ತಿರಲಿಲ್ಲ, ಜನ ನಡೆದೂ ನಡೆದೂ ಅದು ತಾನಾಗಿ ಆಗುತ್ತಿತ್ತು. ಈಗಿನ ರಾಮನಗರಕ್ಕೆ ಆ ಕಾಲದಲ್ಲಿ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಅಲ್ಲಿಂದ ಮಾಗಡಿಯ ದಿಕ್ಕಿಗೆ ಹೊರಟರೆ ಅರ್ಕಾವತಿಯ ಪಕ್ಕದಲ್ಲಿ, ಬೋಳು ಬಂಡೆಯ ಬೆಟ್ಟದ ಬುಡದಲ್ಲಿ ನಮ್ಮೂರು. ಮಹಾರಾಜರ ರಸ್ತೆ ಎಲ್ಲೋ ದೂರದಲ್ಲಿತ್ತು, ಅದರ ಮೇಲೆ ಅಮಲ್ದಾರರ ಗಾಡಿ ಓಡಾಡುತ್ತಿತ್ತಂತೆ. ಅಲ್ಲಿಗೆ ಹೋಗುವ ಏರಿಳಿತದ ಒಂದು ಗಾಡಿಜಾಡು ಬಿಟ್ಟರೆ ನಮಗೆ ಸಂತೆಗೂ ಹೊಲಕ್ಕೂ ನೆಂಟರ ಮನೆಗೂ ಕಾಲುದಾರಿಯೇ ಗತಿ. ನನ್ನ ವಾರಿಗೆಯವರನ್ನು ಯಾರನ್ನಾದರೂ ಕೇಳಿ ನೋಡಿ, ಅಂಗಾಲಿನಲ್ಲಿ ಹಳೆಯ ಮುಳ್ಳಿನ ಗುರುತಿಲ್ಲದವರು ಸಿಗುವುದಿಲ್ಲ.

ನಾನು ಹೇಳಹೊರಟಿರುವುದು ಆ ಕಾಲದ ಒಂದು ಬೇಸಿಗೆಯ ಮಾತು. ಯುಗಾದಿ ಕಳೆದು ಹೊಂಗೆ ಹೂ ಉದುರುತ್ತಿದ್ದಾಗ ನಮ್ಮ ಗೌರಕ್ಕ ಚೊಚ್ಚಲ ಹೆರಿಗೆಗೆಂದು ಸಾತನೂರಿನ ಗಂಡನ ಮನೆಯಿಂದ ಬಂದಳು. ನಾವು ಅಕ್ಕತಂಗಿ ಇಬ್ಬರೇ ಮಕ್ಕಳು. ನಡುವೆ ಹುಟ್ಟಿದವು ಯಾವುವೂ ಉಳಿದಿರಲಿಲ್ಲ. ಹಾಗಾಗಿ ಅಕ್ಕ ನನಗೆ ಅಕ್ಕನೂ ಹೌದು, ಅರ್ಧ ತಾಯಿಯೂ ಹೌದು. ಅವಳು ಮದುವೆಯಾಗಿ ಹೋದ ದಿನ ನಾನು ಅತ್ತದ್ದನ್ನು ಊರಿನವರು ಬಹಳ ಕಾಲ ಆಡಿಕೊಂಡು ನಗುತ್ತಿದ್ದರು.

ಗಾಡಿಯಿಂದ ಇಳಿದವಳನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದಳು. ಊರಿನ ಅರ್ಧ ಮಕ್ಕಳು ಅಜ್ಜಿಯ ಕೈಯಲ್ಲೇ ಹುಟ್ಟಿದ್ದವು. ಅವಳ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ.

"ಕುಂತೇ ಇದ್ರೆ ಹೆರಿಗೆ ಕಷ್ಟ ಆಯ್ತದೆ ಕಣವ್ವ. ದಿನಾ ಒಸಿ ನಡೀಬೇಕು. ಹತ್ತೋದು ಇಳಿಯೋದು ಬ್ಯಾಡ, ಮಟ್ಟವಾಗಿರೋ ಕಡೆ ನಡೀಲಿ" ಅಂದಳು.

ಆದರೆ ನಮ್ಮೂರಿನಲ್ಲಿ ಮಟ್ಟವಾದ ದಾರಿ ಇದ್ದದ್ದು ಒಂದೇ, ಹೊಳೆಗೆ ಹೋಗುವುದು. ಅದರ ಮಧ್ಯದಲ್ಲಿ ಒಂದು ಹೊರೆಗಲ್ಲಿತ್ತು. ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ತಲೆಯ ಮೇಲೆ ಹೊರೆ ಹೊತ್ತು ಒಂಟಿಯಾಗಿ ಬರುವವರು ಇನ್ನೊಬ್ಬರ ಕೈ ಕಾಯದೆ ಹೊರೆಯನ್ನು ಚಪ್ಪಡಿಗೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದಿತ್ತು. ಬಸುರಿ ಹೆಂಗಸು ಹೆರದೆ ತೀರಿಕೊಂಡರೆ ಅವಳ ಹೆಸರಿನಲ್ಲಿ ಇಂಥ ಕಲ್ಲು ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಹೊತ್ತದ್ದನ್ನು ಇಳಿಸದೆ ಹೋದಳಲ್ಲ ಪಾಪ, ದಾರಿಹೋಕರು ಅಲ್ಲಿ ಹೊರೆ ಇಳಿಸಿದಷ್ಟೂ ಅವಳದು ಹಗುರಾಗುತ್ತದೆ ಎಂದು ನಂಬಿಕೆ. ಆ ಕಲ್ಲು ಯಾರದೆಂದು ಅಜ್ಜಿಗೂ ತಿಳಿಯದು.

"ಅದರ ಮುಂದೆ ನನ್ನ ಮೊಮ್ಮಗಳು ಸುಳಿಯೋದು ಬ್ಯಾಡ" ಎಂದಳು ಅಜ್ಜಿ.

ಅಪ್ಪನದು ಮಾತು ಕಡಿಮೆ. ಮಾರನೆಯ ಬೆಳಿಗ್ಗೆ ಮಚ್ಚು, ಗುದ್ದಲಿ ತೆಗೆದುಕೊಂಡು ಊರ ಹಿಂದಕ್ಕೆ ಹೋದ. ದೊಡ್ಡ ಬಂಡೆಯ ಇನ್ನೊಂದು ಮಗ್ಗುಲಲ್ಲಿ ಕಾರೆ, ಜಾಲಿ, ಸೀಗೆ ಹಬ್ಬಿಕೊಂಡು ಮೇಕೆಯೂ ನುಗ್ಗದ ಜಾಗವಿತ್ತು. ಅದನ್ನು ಸವರಿ, ಬೇರು ಕಿತ್ತು, ತಗ್ಗಿಗೆ ಮಣ್ಣು ತುಂಬಿ, ಹಳ್ಳ ಅಡ್ಡ ಬಂದಲ್ಲಿ ಹಾಸುಗಲ್ಲು ಹಾಕಿ ಹೊಳೆಯವರೆಗೂ ಹೊಸದೊಂದು ದಾರಿ ಮಾಡಿದ. ಹೊಲದ ಬೇಸಿಗೆ ಉಳುಮೆ ಹಾಗೆಯೇ ಬಿದ್ದಿತ್ತು. ಅತ್ತ ಹೋಗುವವರು ನಿಂತು ತಮಾಷೆ ಮಾಡುತ್ತಿದ್ದರು.

"ಏನ್ ಗೌಡ್ರೇ, ಮಗಳಿಗೆ ರಾಜಬೀದಿ ಮಾಡ್ತಾ ಇದ್ದೀರಾ?"

"ನೀವೂ ನಡೀರಪ್ಪ, ಬ್ಯಾಡ ಅಂದೋರ್ಯಾರು" ಅನ್ನುತ್ತಿದ್ದ ಅಪ್ಪ, ತಲೆ ಎತ್ತದೆ.

ದಾರಿ ಮುಗಿದ ದಿನ ಅವನು ಎಕ್ಕಡ ಕಳಚಿಟ್ಟು ಈ ತುದಿಯಿಂದ ಆ ತುದಿಗೆ ಬರಿಗಾಲಿನಲ್ಲಿ ನಿಧಾನವಾಗಿ ನಡೆದುಹೋದ. ಚುಚ್ಚಿದ ಮುಳ್ಳನ್ನೆಲ್ಲ ಆರಿಸಿ ಪಂಚೆಯ ಅಂಚಿಗೆ ಸಿಕ್ಕಿಸಿಕೊಂಡು ಹಿಂದಿರುಗಿದ. ಆಮೇಲೆಯೇ ಅಕ್ಕ ಅದರಲ್ಲಿ ಕಾಲಿಟ್ಟದ್ದು.

ದಿನವೂ ಬೆಳಿಗ್ಗೆ ಬಿಸಿಲೇರುವ ಮೊದಲು ನಾವಿಬ್ಬರೂ ಹೊರಡುತ್ತಿದ್ದೆವು. ಅಕ್ಕ ಬಲಗೈಯನ್ನು ನನ್ನ ತಲೆಯ ಮೇಲೆ ಊರಿಕೊಂಡು ನಡೆಯುತ್ತಿದ್ದಳು. ನಾನು ಕಾರೆ ಹಣ್ಣು ಹುಡುಕುತ್ತ ಹಿಂದುಳಿದರೆ, "ತಾಯಮ್ಮಿ, ನನ್ನ ಊರುಗೋಲು ಎತ್ಲಾಗೆ ಹೋಯ್ತೇ?" ಎಂದು ಕೂಗುವಳು. ನಾನು ಓಡಿ ಬಂದು ಅವಳ ಅಂಗೈ ಕೆಳಗೆ ತಲೆ ಕೊಡುವೆ. ಅವಳ ಕೈಗೆ ಹರಳೆಣ್ಣೆಯ, ಸೀಗೆಪುಡಿಯ ವಾಸನೆ. ಹೊಂಗೆ ಹೂವಿನ ಮೇಲೆ ಕಾಲಿಟ್ಟರೆ ಪುರಿ ತುಳಿದ ಹಾಗೆ ಸದ್ದಾಗುತ್ತಿತ್ತು. ಮೇಲೆ ಬಂಡೆಯ ನೆತ್ತಿಯಲ್ಲಿ ರಣಹದ್ದುಗಳು ರೆಕ್ಕೆ ಬಿಚ್ಚಿಕೊಂಡು ಬಿಸಿಲು ಕಾಯಿಸುತ್ತಿದ್ದವು.

ದಾರಿಯ ತಿರುವಿನಲ್ಲಿ ಮಟ್ಟಸವಾದ ಒಂದು ಹಾಸುಬಂಡೆ. ಯಾವ ಕಾಲದ ದನಗಾಹಿಗಳೋ ಅದರ ಮೇಲೆ ಅಳಗುಳಿ ಮಣೆಯ ಗುಳಿಗಳನ್ನು ಕೊರೆದಿದ್ದರು. ಅಲ್ಲಿ ಕೂತು ಹುಣಸೆ ಬೀಜ ಹಾಕಿ ಆಡುವುದು ನಮ್ಮ ನಿತ್ಯದ ಕೆಲಸ. ಅಕ್ಕ ಹುಣಸೆ ಚಿಗುರನ್ನು ಉಪ್ಪಿನ ಹರಳಿನೊಂದಿಗೆ ಅಗಿಯುತ್ತ ಆಡುತ್ತಿದ್ದಳು. ಆಟದಲ್ಲಿ ಮೋಸ ಮಾಡುತ್ತಿದ್ದಳು, ಅದನ್ನು ಹೇಳದೆ ಇರಲಾರೆ. ನಾನು ಹಿಡಿದುಬಿಟ್ಟರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಾನಲ್ಲ ಕಣಮ್ಮಿ, ಇದು ಮಾಡಿದ್ದು" ಅನ್ನುವಳು.

ಒಂದು ದಿನ ಆಟದ ನಡುವೆ ಬೀಜ ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳಿದಳು: "ಆ ಕಲ್ಲು ಇಲ್ಲಿಗೆ ಕಾಣ್ತದೇನೇ?"

ನಾನು ಎದ್ದು ನಿಂತು ನೋಡಿದೆ. "ಇಲ್ಲ ಕಣಕ್ಕ. ಬಂಡೆ ಅಡ್ಡ ಐತೆ."

"ಅಪ್ಪ ನೋಡ್ಕಂಡೇ ಮಾಡವ್ನೆ" ಎಂದಳು. ಕೈಯಲ್ಲಿದ್ದ ಬೀಜವನ್ನು ಗುಳಿಗೆ ಹಾಕುತ್ತ, "ನಂಗೂ ಒಸಿ ಭಯ ಆಯ್ತದೆ ಕಣಮ್ಮಿ. ಅವ್ವಂಗೆ ಹೇಳ್ಬ್ಯಾಡ, ಆಮೇಲೆ ಊಟ ಬುಟ್ಬುಡ್ತಾಳೆ" ಅಂದಳು. ನಾನು ಹೇಳಲಿಲ್ಲ. ಅಪ್ಪನ ದಾರಿ ಇರುವಾಗ ಏನಾದೀತು ಎಂದು ನನಗೆ ಗಟ್ಟಿ ನಂಬಿಕೆ.

ನೋಡನೋಡುತ್ತ ಊರಿನ ಹೆಂಗಸರೆಲ್ಲ ಅದೇ ದಾರಿ ಹಿಡಿದರು. ಮುಳ್ಳಿಲ್ಲ, ಏರಿಲ್ಲ, ಅರ್ಧ ದೂರ ಹೊಂಗೆಯ ನೆರಳು. ಸೌದೆ ಹೊರೆ, ಹುಲ್ಲು ಹೊರೆ ಹೊತ್ತವರು ನಮ್ಮ ಪಕ್ಕದಲ್ಲೇ ಹಾದುಹೋಗುತ್ತ "ಏನವ್ವ ಗೌರಮ್ಮ, ನಿನ್ನ ದಾರಿ ಸವೆಸ್ತಾ ಇದ್ದೀವಿ" ಅನ್ನುವರು. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅಕ್ಕನಿಗೆ ನೋವು ಬಂತು. ಕೂಸು ಅಡ್ಡ ನಿಂತಿತ್ತಂತೆ. ನನ್ನನ್ನು ಪಕ್ಕದ ಮನೆಗೆ ಕಳಿಸಿದರು. ಅವರು ಕೊಟ್ಟ ಮುದ್ದೆಯನ್ನು ಹಾಗೇ ಬಿಟ್ಟು ಜಗಲಿಗೆ ಬಂದೆ. ಜಗಲಿಯಿಂದ ನೋಡಿದರೆ ನಮ್ಮ ಮನೆಯ ಮುಂದೆ ಅಪ್ಪ ಗಾಡಿ ಕಟ್ಟುತ್ತಿದ್ದ, ಪೇಟೆಯ ಆಸ್ಪತ್ರೆಗೆಂದು. ಎತ್ತುಗಳಿಗೆ ನೊಗ ಹೂಡಿ ಕಣ್ಣಿ ಬಿಗಿಯುತ್ತಿರುವಾಗ ಅಜ್ಜಿ ಹೊರಗೆ ಬಂದಳು. ಹೊಸ್ತಿಲ ಪಕ್ಕದಲ್ಲಿ ಕೂತುಬಿಟ್ಟಳು. ಅಪ್ಪ ಅವಳನ್ನು ನೋಡಿದ. ಆಮೇಲೆ ಕಟ್ಟಿದ ಕಣ್ಣಿಯನ್ನು ಒಂದೊಂದಾಗಿ ಬಿಚ್ಚಿದ. ಅಕ್ಕನೂ ಇಲ್ಲ, ಕೂಸೂ ಇಲ್ಲ ಎನ್ನುವುದು ನನಗೆ ತಿಳಿದದ್ದು ಹಾಗೆ. ಅದಾದ ಮೇಲಿನ ಅಳುವನ್ನು ನಾನು ಬರೆಯಲಾರೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಪ್ಪ ಉದ್ದನೆಯ ಬಿದಿರು ಕೋಲು ಹಿಡಿದು ನನ್ನನ್ನು ಅಂಗಳಕ್ಕೆ ಕರೆದ. ಕಲ್ಲು ಒಡೆಯುವವರು ಅಲ್ಲಿಗೆ ಬಂದು ಕೂತಿದ್ದರು. ಹೊರೆಗಲ್ಲನ್ನು ತೀರಿಕೊಂಡವಳ ಹೆಗಲಿನ ಎತ್ತರಕ್ಕೇ ನಿಲ್ಲಿಸಬೇಕು. ಅದನ್ನು ಕೇಳಿದ ಕೂಡಲೇ ಅವ್ವ ಒಳಗೆ ಹೋಗಿ ಕದ ಹಾಕಿಕೊಂಡಿದ್ದಳು.

"ನಿಮ್ಮಕ್ಕನ ಹೆಗಲು ಎಲ್ಲಿಗೆ ಬತ್ತಿತ್ತವ್ವ? ನೀನು ದಿನಾ ಜೊತೇಲಿ ನಡೀತಿದ್ದೆ, ನಿಂಗೆ ಗೊತ್ತಿರ್ತದೆ" ಎಂದ.

ನಾನು ಕೋಲಿನ ಪಕ್ಕದಲ್ಲಿ ನೆಟ್ಟಗೆ ನಿಂತೆ. ಅಕ್ಕನ ಕೈ ತಲೆಯ ಮೇಲಿದೆ ಅಂದುಕೊಂಡು, ಅವಳ ಹೆಗಲು ಇರುತ್ತಿದ್ದ ಕಡೆಗೆ ನನ್ನ ಅಂಗೈಯನ್ನು ಎತ್ತಿ ಹಿಡಿದೆ. ನನ್ನ ನೆತ್ತಿಯಿಂದ ಒಂದು ಗೇಣು ಮೇಲೆ. ಅಪ್ಪ ಅಲ್ಲಿ ಮಚ್ಚಿನಿಂದ ಕಚ್ಚು ಹಾಕಿದ.

ಕಲ್ಲನ್ನು ಎಲ್ಲಿ ನಿಲ್ಲಿಸುವುದು ಎಂಬ ಮಾತೇ ಬರಲಿಲ್ಲ. ಹೊರೆ ಹೊತ್ತವರೆಲ್ಲ ಈಗ ನಡೆಯುತ್ತಿದ್ದದ್ದು ಅಪ್ಪನ ದಾರಿಯಲ್ಲೇ. ಒಂದು ಹೊರೆಗಲ್ಲು ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು ಸವರಿದ ದಾರಿಯ ತಿರುವಿನಲ್ಲಿ, ಅಳಗುಳಿ ಬಂಡೆಯ ಎದುರಿಗೇ, ಅವಳ ಹೊರೆಗಲ್ಲು ಎದ್ದಿತು. ಹಾಸುಬಂಡೆಯ ಗುಳಿಗಳಲ್ಲಿ ನಮ್ಮ ಹುಣಸೆ ಬೀಜಗಳು ಮಳೆನೀರಿಗೆ ನೆನೆದು ಉಬ್ಬಿದ್ದವು.

ಮೊದಲ ಹೊರೆಯನ್ನು ಹೆತ್ತವಳೇ ಇಳಿಸಬೇಕು. ಅವ್ವ ಸೌದೆ ಹೊರೆ ಹೊತ್ತು ಬಂದು ಕಲ್ಲಿನ ಮುಂದೆ ನಿಂತಳು. ನಿಂತೇ ಇದ್ದಳು. ಬೆವರು, ಕಣ್ಣೀರು ಎರಡೂ ಇಳಿಯುತ್ತಿದ್ದವು, ಹೊರೆ ಮಾತ್ರ ತಲೆಯ ಮೇಲೇ ಇತ್ತು. ಯಾರೋ ಕೈ ಕೊಡಲು ಹೋದರು. ಅಜ್ಜಿ ತಡೆದಳು.

"ಇಳ್ಸವ್ವ. ನೀನು ಇಳ್ಸಿದ್ರೆ ಅವಳದೂ ಇಳೀತದೆ."

"ಇಳ್ಸಿದ್ರೆ ಅವಳು ಹೋದಂಗೇ ಅಲ್ವಾ ಅತ್ತೆ?" ಎಂದಳು ಅವ್ವ.

ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸಿದಳು. ಆಮೇಲೆ ಅವ್ವ ಕತ್ತು ಬಾಗಿಸಿ ಹೊರೆಯನ್ನು ಚಪ್ಪಡಿಗೆ ಜಾರಿಸಿದಳು.

ಆಮೇಲಿನ ವರ್ಷಗಳಲ್ಲಿ ಆ ಕಲ್ಲಿಗೆ ಬಿಡುವೇ ಇರಲಿಲ್ಲ. ಸೌದೆ, ಹುಲ್ಲು, ಹಿಪ್ಪುನೇರಳೆ ಸೊಪ್ಪು, ಸಂತೆಯ ಗಂಟು. ಇಳಿಸಿದವರೆಲ್ಲ "ಉಸ್ಸಪ್ಪ, ಗೌರವ್ವ" ಅನ್ನುವರು. ನಾನೂ ಬೆಳೆದೆ. ಒಂದು ದಿನ ಹುಲ್ಲು ಹೊರೆ ಇಳಿಸುವಾಗ ಚಪ್ಪಡಿ ನನ್ನ ಹೆಗಲಿಗೆ ಸರಿಯಾಗಿ ತಾಗಿತು. ಅಕ್ಕನಷ್ಟೇ ಎತ್ತರವಾಗಿದ್ದೆ. ಖುಷಿಪಡಬೇಕಾದ ದಿನ, ಮನೆಗೆ ಬಂದು ಅತ್ತೆ.

ಈಗ ಊರಿಗೆ ಬಸ್ಸು ಬರುತ್ತದೆ, ಸೌದೆಯ ಒಲೆ ಹೋಗಿದೆ, ತಲೆಯ ಮೇಲೆ ಹೊರುವವರೇ ಇಲ್ಲ. ಒಳ್ಳೆಯದೇ ಆಯಿತು, ಆ ಹೊರೆಗಳ ಭಾರ ನನಗೆ ಗೊತ್ತು. ಆದರೂ ಕಳೆದ ಸಲ ಊರಿಗೆ ಹೋದಾಗ ಆ ದಾರಿ ಹುಡುಕಿಕೊಂಡು ಹೋದೆ. ಅಪ್ಪ ಕಿತ್ತ ಕಾರೆ, ಸೀಗೆ ಎಲ್ಲ ಮರಳಿ ಬಂದಿವೆ. ಹೊರೆಗಲ್ಲು ನಿಂತಿತ್ತು, ಚಪ್ಪಡಿಯ ಮೇಲೆ ಒಣಗಿದ ಹೊಂಗೆ ಹೂವಿನ ದಪ್ಪ ಪದರ. ಪಕ್ಕದಲ್ಲಿ ನಿಂತು ನೋಡಿದೆ. ನನ್ನ ಬೆನ್ನು ಬಾಗಿದೆ, ಈಗ ಆ ಚಪ್ಪಡಿ ಮತ್ತೆ ನನ್ನ ನೆತ್ತಿಗಿಂತ ಮೇಲಿದೆ.

ಹೂವನ್ನೆಲ್ಲ ಕೈಯಿಂದ ಸರಿಸಿದೆ. ನನ್ನ ಚೀಲದಲ್ಲಿ ಇದ್ದದ್ದು ಒಂದು ಸೀರೆ, ಎಲೆಅಡಿಕೆ, ಔಷಧಿ ಶೀಶೆ ಅಷ್ಟೇ, ಹೊರೆ ಅನ್ನುವಂಥದ್ದಲ್ಲ. ಅದನ್ನೇ ಎರಡೂ ಕೈಯಿಂದ ಎತ್ತಿ, ತುದಿಗಾಲಿನಲ್ಲಿ ನಿಂತು ಚಪ್ಪಡಿಯ ಮೇಲಿಟ್ಟೆ. ಉಸ್ಸಪ್ಪ ಗೌರಕ್ಕ, ಅಂದೆ. ಆಮೇಲೆ ತಿರುಗಿ ನೋಡಿದೆ. ಆ ದಾರಿಯಲ್ಲಿ ನನ್ನ ಹಿಂದೆ ಯಾರೂ ಬರುತ್ತಿರಲಿಲ್ಲ.