ಅತ್ತೆಯ ಪಾವು, ನನ್ನ ಶಿಯಾ ಬಟರ್

ನಮ್ಮತ್ತೆಯ ಬಲಗೈ ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿತ್ತು. ಹಿತ್ತಾಳೆ ಪಾವಿಗೆ ಅಕ್ಕಿ ತುಂಬಿ, ಮೇಲೆದ್ದ ಕಾಳನ್ನು ಆ ಬೆರಳಿನಿಂದಲೇ ಸವರಿ ಕೆಡವುತ್ತಿದ್ದರು. ಅಶೋಕಪುರಂನ ನಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ರವೆ ಎಲ್ಲಕ್ಕೂ ಅದೊಂದೇ ಅಳತೆ. ತೂಗಿ ಅಡುಗೆ ಮಾಡುವವರು ಹೋಟೆಲಿನವರು ಎನ್ನುವುದು ಅವರ ಖಚಿತ ಅಭಿಪ್ರಾಯ.

ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದ ನಾನು ಸೋಪು ಮಾಡಲು ಕಲಿತೆ. ನನ್ನದು ಅಂತ ಹೇಳಿಕೊಳ್ಳಲು ಆಗ ಇದ್ದದ್ದು ಅದೊಂದೇ. ಆಫ್ರಿಕಾದ ಯಾವುದೋ ಮರದ ಬೀಜದಿಂದ ತೆಗೆಯುವ ಶಿಯಾ ಬಟರ್ ಎನ್ನುವ ಗಟ್ಟಿ ಬೆಣ್ಣೆ ತರಿಸಿದೆ. ನೋಡಿ ಕಲಿತ ವಿಡಿಯೋದಲ್ಲಿ ಅದರ ಲೆಕ್ಕ ಕಪ್ಪಿನಲ್ಲಿ, ಕಾಸ್ಟಿಕ್ ಸೋಡಾದ ಲೆಕ್ಕ ಮಾತ್ರ ಗ್ರಾಂನಲ್ಲಿ. ಬೆಣ್ಣೆಯ ತೂಕ ನೋಡಿಕೊಂಡು ಸೋಡಾ ಹಾಕಬೇಕು. ಹೆಚ್ಚಾದರೆ ಚರ್ಮ ಸುಡುತ್ತದೆ. ಜಿಡ್ಡನ್ನು ತಕ್ಕಡಿಗೆ ಯಾಕೆ ಮೆತ್ತುತ್ತೀಯಾ, ಪಾವಿಗೆ ನೀರು ಹಿಡಿದು ತೂಗು, ಬೆಣ್ಣೆಗೂ ಅಷ್ಟೇ ತೂಕ ಹಾಕಿಕೋ ಎಂದರು ಅತ್ತೆ. ಇಬ್ಬರಿಗೂ ಸರಿ ಅನ್ನಿಸಿತು.

ವಾರಗಟ್ಟಲೆ ಒಣಗಿಸಿದ ಸೋಪನ್ನು ಬೇರೆ ಯಾರಿಗೂ ಮುಟ್ಟಗೊಡದೆ ಮೊದಲು ಅತ್ತೆಯೇ ಅದರಲ್ಲಿ ಕೈ ತೊಳೆದರು. ಸಂಜೆ ಹೊತ್ತಿಗೆ ಅಂಗೈ ಕೆಂಪಾಗಿ ಉರಿಯತೊಡಗಿತು. ನಮ್ಮ ಯಜಮಾನರು ಅದನ್ನು ನೋಡಿ, ಮಗು ಓಡಾಡುವ ಮನೆಯಲ್ಲಿ ಈ ಸೋಡಾ ಸಹವಾಸವೇ ಬೇಡ, ಎಲ್ಲ ಕಟ್ಟಿ ಅಟ್ಟಕ್ಕೆ ಹಾಕು ಎಂದರು. ನಾನು ಪಾತ್ರೆಗಳನ್ನು ಒಟ್ಟುಮಾಡತೊಡಗಿದೆ. ಅತ್ತೆ ಉರಿಯುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಸುಮ್ನಿರು ಕಣೋ. ಅವಳು ಕೆಡಿಸಿಲ್ಲ, ನನ್ ಪಾವು ಕೆಡಿಸ್ತು. ನಾನು ಹೇಳ್ಕೊಟ್ಟಿದ್ದಕ್ಕೆ ಅವಳ ಕೆಲಸ ಯಾಕೆ ನಿಲ್ಲಿಸ್ತೀಯಾ?"

ಮಾರನೆಯ ದಿನ ಅತ್ತೆಯೇ ತಕ್ಕಡಿ ತಂದು ನನ್ನ ಮುಂದೆ ಕೂತರು. ಖಾಲಿ ಪಾವಿನ ತೂಕ ಕಳೆದು, ಅದಕ್ಕೆ ಕರಗಿಸಿದ ಶಿಯಾ ಬಟರ್ ತುಂಬಿದೆವು. ನೀರಿಗಿಂತ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ಕಡಿಮೆ; ನೀರಿನ ತೂಕ ನಂಬಿ ಹಾಕಿದ ಸೋಡಾ ಅಷ್ಟು ಹೆಚ್ಚಾಗಿತ್ತು. ಗಟ್ಟಿ ಬೆಣ್ಣೆಯನ್ನು ಚಮಚದಲ್ಲಿ ಒತ್ತಿ ತುಂಬಿದರೆ ಇನ್ನೂ ಕಡಿಮೆ. ತೆಗೆದು ಮತ್ತೆ ತುಂಬಿದರೆ ಬೇರೆಯದೇ ಅಂಕಿ. ಮೇಲೆ ಎಷ್ಟು ಸಮ ಮಾಡಿದರೂ ಒಳಗೆಲ್ಲ ಗಾಳಿ ಸೇರಿಕೊಂಡಿರುತ್ತಿತ್ತು.

"ಅಲ್ಲ ಕಣಮ್ಮ, ಒಂದೊಂದ್ಸಲಕ್ಕೆ ಒಂದೊಂದು ಹೇಳುತ್ತಲ್ಲ ಇದು! ಇದನ್ನ ನಂಬ್ಕೊಂಡು ಕೂತಿದ್ವಾ ನಾವು?" ಅಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಅವರ ಪಾವು ಅಕ್ಕಿ ಡಬ್ಬ ಬಿಟ್ಟು ಹೊರಗೆ ಬರಲಿಲ್ಲ. ನಾನು ಒಲೆ ಹಚ್ಚಿದರೆ ಸಾಕು, ಪಡಸಾಲೆಯಿಂದ "ತೂಗಿದ್ಯಾ?" ಅಂತ ಕೇಳುತ್ತಿದ್ದರು. ಹಿನಕಲ್‌ನಿಂದ ಒಬ್ಬರು ಸೋಪು ಕಲಿಯಲು ಬಂದು ಬೆಣ್ಣೆ ಎಷ್ಟು ಕಪ್ಪು ಹಾಕಬೇಕು ಎಂದು ಕೇಳಿದಾಗ, ನಮ್ಮನೇಲಿ ಕಪ್ಪೇನಿದ್ರೂ ಕಾಫಿಗೆ ಮಾತ್ರ ಎಂದು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ ಇರಲಿಲ್ಲ; ಗೊತ್ತಾದ ಮೇಲಂತೂ ಜಂಭಕ್ಕೆ ಕೊರತೆಯಿರಲಿಲ್ಲ. ಆ ಜಂಭ ನನಗೆ ತುಂಬಾ ಇಷ್ಟ. ಕೈ ಉರಿದ ಆ ಸಂಜೆ ಅವರು ನನ್ನ ಪರವಾಗಿ ಮಾತಾಡದೇ ಹೋಗಿದ್ದರೆ ನಾನು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿಬಿಡುತ್ತಿದ್ದೆ, ಮತ್ತೆ ಇಳಿಸುತ್ತಲೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಕೊನೆಯ ಸ್ನಾನಕ್ಕೆ ನೀರು ಕಾಯಿಸಿಟ್ಟು ನಾದಿನಿ ಸೋಪು ಎಲ್ಲಿ ಅಂತ ಕೇಳಿದಳು. ಅಂಗಡಿಯಿಂದ ತಂದ ಹೊಸ ಸೋಪು ಅಲ್ಲೇ ಕಿಟಕಿಯ ಮೇಲಿತ್ತು. ಯಜಮಾನರು ಅದನ್ನು ಬದಿಗೆ ಸರಿಸಿ ಒಳಗೆ ಹೋದರು. ನಾನು ಮಾಡಿದ ಸೋಪು ತಂದು ತಂಗಿಯ ಕೈಗಿಟ್ಟರು.