ಧಾರೆಯ ಹೊತ್ತಿಗೆ ಬಂದ ತಲೆನೋವು

ನಮ್ಮನೆಯವರಿಗಿರುವುದು ಕ್ಲಸ್ಟರ್ ತಲೆನೋವು. "ತಲೆನೋವು ಯಾರಿಗಿಲ್ಲ ಬುಡಿ" ಎನ್ನುವವರ ಬಾಯಿಗೆ ಬೀಗ ಜಡಿಯಬೇಕು ಅನ್ನಿಸುತ್ತದೆ ನನಗೆ. ಎಡಗಣ್ಣಿನ ಹಿಂದೆ ಶುರುವಾದರೆ ಕೂರಲೂ ಬಿಡದು, ಮಲಗಲೂ ಬಿಡದು. ಮಾತ್ರೆ ಕರಗುವಷ್ಟರಲ್ಲಿ ನೋವು ತನ್ನ ಕೆಲಸ ಮುಗಿಸಿರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಬೇಗ ಹಿಡಿಯುವ ಇಂಜೆಕ್ಷನ್ ಇದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ಇವರಿಗೆ ಅದು ಬೇಡವೆಂದರು ತುಮಕೂರಿನ ಡಾಕ್ಟರು. ಉಳಿದದ್ದು ಆಕ್ಸಿಜನ್. ಶುರುವಾದ ತಕ್ಷಣ ಮಾಸ್ಕ್ ಹಾಕಿ ಜೋರಾಗಿ ಬಿಟ್ಟರೆ ಸುಮಾರು ಕಾಲು ಗಂಟೆಯಲ್ಲಿ ಮತ್ತೆ ಮನುಷ್ಯರಾಗುತ್ತಾರೆ.

ಮಗಳ ಮದುವೆ ಕುಣಿಗಲ್ಲಿನ ಛತ್ರದಲ್ಲಿ. ಆ ತಿಂಗಳು ನೋವು ದಿನಾ ಬೆಳಗ್ಗೆ ಬರುತ್ತಿತ್ತು, ಹಾಳಾದ್ದು ಮುಹೂರ್ತವೂ ಬೆಳಗ್ಗೆಯೇ. ತಾವೇ ಧಾರೆ ಎರೆದು ಕೊಡಬೇಕು ಎಂಬುದೊಂದೇ ಇವರ ಆಸೆ. ಅದಕ್ಕೇ ಗುಬ್ಬಿಯ ಮನೆಯಿಂದ ಸಿಲಿಂಡರನ್ನು ಕಾರಲ್ಲಿ ತಂದು, ಮದುಮಗಳ ಕೋಣೆಯ ಮೂಲೆಯಲ್ಲಿ ಇಡಿಸಿದ್ದೆ.

ಪುರೋಹಿತರು ಹೆಣ್ಣಿನ ತಂದೆತಾಯಿಯನ್ನು ಕರೆಯುವುದಕ್ಕೂ ಇವರ ಕಣ್ಣು ಕೆಂಪೇರಿ ನೀರು ಸುರಿಯುವುದಕ್ಕೂ ಸರಿಹೋಯಿತು. "ಬಂತು ಕಣೇ" ಎಂದರು. ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋದೆ. ಮೂಲೆ ಖಾಲಿ.

ಸಿಲಿಂಡರ್ ಎಲ್ಲಿ ಎಂದು ಕೂಗಿದೆ. ಭಾವನವರ ಹೆಂಡತಿ, ನನ್ನ ಓರಗಿತ್ತಿ, ಬಾಗಿಲಲ್ಲಿ ನಿಂತು ತಣ್ಣಗೆ ಹೇಳಿದರು: "ಅಡುಗೆಮನೆ ಹಿಂದಕ್ಕೆ ಹಾಕ್ಸಿದೀನಿ. ಕೊರೋನಾದಲ್ಲಿ ಎಷ್ಟು ಜನ ಅದನ್ನ ಹಾಕ್ಕೊಂಡೇ ಹೋದ್ರು. ಮದುಮಗಳ ಕೋಣೇಲಿ ಅಂಥ ಅಪಶಕುನ ಇಡ್ತಾರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಅಕ್ಕ, ಶಕುನ ಆಮೇಲೆ ನೋಡ್ಕೊಳಾಣ, ದಾರಿ ಬಿಡಿ" ಎಂದು ತಳ್ಳಿಕೊಂಡೇ ಓಡಿದೆ. ಅಡುಗೆ ಗ್ಯಾಸಿನ ಸಿಲಿಂಡರುಗಳ ಪಕ್ಕದಲ್ಲಿ ಅದನ್ನೂ ನಿಲ್ಲಿಸಿದ್ದರು. ಮಾಸ್ಕ್ ಕಾಣಲಿಲ್ಲ. ತರಕಾರಿ ಚೀಲಗಳನ್ನೆಲ್ಲ ಜಾಲಾಡಿದಾಗ ಒಂದರ ಅಡಿಯಲ್ಲಿ ಸಿಕ್ಕಿತು. ನನ್ನ ತಮ್ಮ ಸಿಲಿಂಡರ್ ಹೊತ್ತು ತಂದ.

ಕೋಣೆಯಲ್ಲಿ ಇವರು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಬೆಳ್‌ಬೆಳಗ್ಗೆನೇ ಕುಡಿದವ್ರೆ" ಎಂದು ಗಂಡಿನ ಕಡೆಯವರೊಬ್ಬರು ಅಂದದ್ದು ಕೇಳಿಸಿತು. ಮಾಸ್ಕ್ ಹಾಕಿ ಸಿಲಿಂಡರಿನ ವಾಲ್ವನ್ನು ಪೂರ್ತಿ ತಿರುಗಿಸಿದೆ. ಲಗ್ನ ಮೀರುತ್ತಿದೆ ಎಂದು ಹೊರಗಿನಿಂದ ಪುರೋಹಿತರು ಒಂದೇ ಸಮನೆ ಕೂಗುತ್ತಿದ್ದರು. ನೀನಾದರೂ ಹೋಗು ಎಂದು ಇವರು ಕೈಸನ್ನೆ ಮಾಡಿದರು. ನಾನು ಹೋಗಲಿಲ್ಲ.

ಗಟ್ಟಿಮೇಳ ಮೊಳಗಿತು. ನಮ್ಮ ಜಾಗದಲ್ಲಿ ಭಾವ, ಓರಗಿತ್ತಿ ನಿಂತು ಧಾರೆ ಎರೆದರೆಂದು ತಮ್ಮ ಬಂದು ಹೇಳಿದ. ಇವರು ಕಣ್ಣು ಮುಚ್ಚಿಕೊಂಡೇ ಉಸಿರೆಳೆಯುತ್ತಿದ್ದರು.

ವಾಲಗ ನಿಂತ ಸ್ವಲ್ಪ ಹೊತ್ತಿಗೆಲ್ಲ ನೋವು ಇಳಿದೇ ಹೋಯಿತು. ಔಷಧಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಮುಖ ತೊಳೆದು, ಪಂಚೆ ಸರಿಮಾಡಿಕೊಂಡು ಹೊರಗೆ ಬಂದರು. ನಮ್ಮಲ್ಲಿ ಮೊದಲ ಧಾರೆ ಆದಮೇಲೆ ಬಂದ ನೆಂಟರೆಲ್ಲ ಸಾಲಾಗಿ ಹೋಗಿ ಹೆಣ್ಣುಗಂಡಿನ ಕೈಗೆ ಹಾಲೆರೆಯುತ್ತಾರೆ. ಸಾಲು ಬಾಗಿಲವರೆಗೂ ಇತ್ತು. "ಮುಂದೆ ಬನ್ನಿ, ನೀವು ಅಪ್ಪ ಅಲ್ವಾ" ಎಂದು ಯಾರೋ ಜಾಗ ಬಿಟ್ಟರು. "ಇರ್ಲಿ ಬುಡಿ" ಎಂದು ಕೊನೆಯಲ್ಲೇ ನಿಂತರು. ನಾನು ಇವರ ಹಿಂದೆ ನಿಂತೆ.

ನಮ್ಮ ಸರದಿ ಬಂದಾಗ ಮಗಳು ತಲೆಯೆತ್ತಿದಳು. "ಅಪ್ಪಾ, ನಿಮಗೇ ಅಂತ ಕಾಯ್ತಿದ್ದೆ" ಎಂದಳು. ಇವರು ಎಲ್ಲರ ಹಾಲಿನಿಂದ ಒದ್ದೆಯಾಗಿದ್ದ ಅವಳ ಕೈಗಳ ಮೇಲೆ, ತಂಬಿಗೆ ಬರಿದಾಗುವವರೆಗೂ ಎರೆದರು.