ಆ ಸಂಖ್ಯೆಯಲ್ಲಿ ಒಂದೇ ಮಗು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳನ್ನು ಎಲ್ಲರೂ ನಂಬರಕ್ಕ ಎಂದೇ ಕರೆಯುತ್ತಿದ್ದೆವು. ಮನೆಗೆ ಹೋದ ರೋಗಿಗಳ ಫೈಲು ಓದಿ, ಪ್ರತಿ ಕಾಯಿಲೆಗೂ ದಪ್ಪ ಪುಸ್ತಕದಲ್ಲಿರುವ ಸಂಖ್ಯೆ ಹುಡುಕಿ ಬರೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದಳು. ನಾನು ಸೀನಿದರೂ ಸಾಕು, ಕತ್ತೆತ್ತದೆ ಒಂದು ಸಂಖ್ಯೆ ಹೇಳಿಬಿಡುವಳು. ಮದುವೆಯ ಮಾತನ್ನು ಎಂದೋ ಬದಿಗಿಟ್ಟಿದ್ದಳು. ಸಂಸಾರವೆಂದರೆ ಹಾಸಿಗೆ ಹಿಡಿದ ತಾಯಿ ಮತ್ತು ಆ ಪುಸ್ತಕ.

ವೈದ್ಯರು ಬರೆದದ್ದಕ್ಕಿಂತ ಒಂದಕ್ಷರವನ್ನೂ ಹೆಚ್ಚಿಗೆ ಊಹಿಸಕೂಡದು ಎಂಬುದು ಅವಳ ಹಟ. ನಿಯಮವೂ ಅದೇ. ಆದರೆ ನಮ್ಮ ವೈದ್ಯ ಮಹಾಶಯರೋ 'ಹುಟ್ಟಿನಿಂದ ಕೈ ಊನ' ಎಂದು ಗೀಚಿ ಎದ್ದು ಹೋಗುವವರು. ಯಾವ ಕೈ, ಯಾವ ಮೂಳೆ ಇಲ್ಲ, ಬೆರಳುಗಳಿವೆಯೇ ಎಂದು ಕೇಳಿ ಚೀಟಿ ಕಳಿಸಿದರೆ ಬೈಗುಳ ಬರುತ್ತಿತ್ತು. ಅಂಥ ಫೈಲುಗಳೆಲ್ಲ 'ವಿವರವಿಲ್ಲ' ಎಂಬ ಸಂಖ್ಯೆಗೆ ಹೋಗುತ್ತಿದ್ದವು. ಕ್ರಮೇಣ ಅವಳು ಕೇಳುವುದನ್ನೇ ಬಿಟ್ಟಳು. "ಅವರ ಹತ್ರ ಯಾಕೆ ಬಾಯಿ ಕೊಡ್ತೀಯ ಅಕ್ಕ?" ಎಂದು ಬಿಡಿಸಿದವಳು ನಾನೇ.

ಒಮ್ಮೆ ಹೊಸ ವೈದ್ಯೆಯೊಬ್ಬಳು ಅಪರೂಪಕ್ಕೆ ಪೂರ್ತಿ ಬರೆದಳು: ಹೆಣ್ಣು ಮಗು, ಬಲಗಡೆ ತೋಳಿಲ್ಲ, ಮುಂದೋಳಿಲ್ಲ, ಅಂಗೈ ನೇರವಾಗಿ ಹೆಗಲಿಗೆ ಕೂಡಿಕೊಂಡಿದೆ. ನಂಬರಕ್ಕ ಅದರ ಸಂಖ್ಯೆಯನ್ನು ಜೀವಮಾನದಲ್ಲೇ ಮೊದಲ ಸಲ ಬರೆದಳು. ನನ್ನನ್ನು ಕರೆದು ತೋರಿಸಿದಳು ಕೂಡ.

ಮೂರು ವಾರ ಕಳೆದು ಆ ಮಗುವಿನ ತಾಯಿ ನಮ್ಮ ಕಿಟಕಿಯ ಮುಂದೆ ಬಂದು ನಿಂತಳು.

"ಅಕ್ಕಾ, ಇಂಥ ಮಗು ಇಲ್ಲಿ ಇನ್ನೊಂದು ಹುಟ್ಟಿದ್ಯಾ, ನೋಡ್ತೀರಾ? ಯಾರಿಗೂ ಆಗದ್ದು ನಿನಗೇ ಯಾಕಾಯ್ತು, ಏನೋ ಮಾಡ್ಕೊಂಡಿದೀಯ ಅಂತಾರೆ ನಮ್ಮತ್ತೆ. ನಮ್ಮೆಜಮಾನ್ರೂ ಮಾತು ಬಿಟ್ಟಿದಾರೆ. ಒಂದೇ ಒಂದು ಇದ್ರೂ ಸಾಕು, ಅವರ ಬಾಯಿ ಮುಚ್ಚಿಸ್ತೀನಿ. ಇಲ್ದಿದ್ರೆ ಮಗೂನ ಮನೇಲಿ ಇಟ್ಕೊಳ್ಳಲ್ವಂತೆ."

ನಂಬರಕ್ಕ ಕಂಪ್ಯೂಟರಿನಲ್ಲಿ ಸಂಖ್ಯೆ ಒತ್ತಿದಳು. ಅಷ್ಟು ವರ್ಷಗಳ ಪಟ್ಟಿಯಲ್ಲಿ ಬಂದದ್ದು ಒಂದೇ ಸಾಲು.

"ಇಲ್ಲಮ್ಮ. ನಿಮ್ಮದೊಂದೇ."

ಆರು ತಿಂಗಳ ಮೇಲೆ ತಪಾಸಣೆ ಬಂತು. 'ವಿವರವಿಲ್ಲ' ಫೈಲುಗಳನ್ನೆಲ್ಲ ಕೆಳಗಿಳಿಸಿ, ಒಳಗಿನ ಲಕೋಟೆಗಳಲ್ಲಿರುವ ಎಕ್ಸ್‌ರೇಗಳು ಸರಿಯಾಗಿವೆಯೇ ಎಂದು ನೋಡಬೇಕಿತ್ತು. ಒಂದನ್ನು ಬೆಳಕಿಗೆ ಹಿಡಿದ ನಂಬರಕ್ಕ ಹಾಗೇ ನಿಂತುಬಿಟ್ಟಳು. ಹೆಗಲಿಗೇ ಅಂಟಿದ ಪುಟ್ಟ ಬೆರಳುಗಳು. ಸಂಜೆಯೊಳಗೆ ಇನ್ನೂ ನಾಲ್ಕು ಸಿಕ್ಕವು. ಐದರ ಮೇಲೂ ಇದ್ದದ್ದು ಅವಳದೇ ಅಕ್ಷರ.

"ಲಕೋಟೆ ಬಿಚ್ಚಿ ನೋಡಿದ್ರೆ ಸಾಕಿತ್ತು ಕಣೇ, ಬರೀ ಲಕೋಟೆ!" ಎಂದು ತಲೆ ಚಚ್ಚಿಕೊಂಡಳು.

ಮರುದಿನ ಇಬ್ಬರೂ ಫೈಲಿನಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆವು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ. ಆ ತಾಯಿಯೇ ಬಾಗಿಲು ತೆರೆದಳು. ನಂಬರಕ್ಕ ಹೊಸ್ತಿಲಾಚೆಯೇ ನಿಂತು, ಏದುಸಿರು ಬಿಡುತ್ತಲೇ ಹೇಳಿದಳು: "ಇದಾವಮ್ಮ, ಐದಿದಾವೆ! ನಾನೇ ತಪ್ಪು ಮಾಡ್ದೆ. ನಿಮ್ಮತ್ತೇನ ಕರೀರಿ, ನಾನೇ ಹೇಳ್ತೀನಿ."

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಮಗೆ ಉಪಕಾರವಾಗುತ್ತಿತ್ತು.

"ಅನಾಥಾಲಯಕ್ಕೆ ಕೊಟ್ಬಿಟ್ವಿ ಅಕ್ಕ. ಅಲ್ಲಿಂದ ಯಾರೋ ಸಾಕ್ಕೊಳ್ಳೋಕೆ ಕರ್ಕೊಂಡು ಹೋದ್ರಂತೆ. ಎಲ್ಲಿಗೆ ಅಂತ ಹೇಳೋ ಹಾಗಿಲ್ವಂತೆ." ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು. "ಕೊನೆಗೆ ಮನೇಲಿ ಯಾರೂ ಬಲವಂತ ಮಾಡ್ಲಿಲ್ಲ. ನೀವೂ ನೋಡಿ ಇಲ್ಲ ಅಂದ್ಮೇಲೆ, ನನ್ನಿಂದ್ಲೇ ಹಾಗಾಯ್ತು ಅಂತ ನಾನೇ ಸಹಿ ಹಾಕ್ದೆ."